ಅಲ್ಪಾವಧಿ ಆರೈಕೆ: ಹಿರಿಯರಿಗೆ ಆಸರೆ, ನೋಡಿಕೊಳ್ಳುವವರಿಗೆ ಬಿಡುವು

ಹಾಸಿಗೆ ಹಿಡಿದ ಅಥವಾ ಮರೆವಿನ ಕಾಯಿಲೆಯಿರುವ ಹಿರಿಯರ ಹೊಣೆಯನ್ನು ಕೆಲವು ಗಂಟೆ, ದಿನ ಅಥವಾ ವಾರಗಳ ಮಟ್ಟಿಗೆ ಬೇರೆಯವರು ವಹಿಸಿಕೊಂಡು, ಮನೆಯವರಿಗೆ ಬಿಡುವು ಕೊಡುವ ವ್ಯವಸ್ಥೆಯೇ ಅಲ್ಪಾವಧಿ ಆರೈಕೆ. ಸೇವಾ ಸಂಸ್ಥೆಗಳಲ್ಲಿ ಇದನ್ನು ‘ರೆಸ್ಪೈಟ್ ಕೇರ್’ ಎನ್ನುತ್ತಾರೆ.

ಯಾರಿಗೆ ಬೇಕು?

ಹೆಚ್ಚಿನ ಮನೆಗಳಲ್ಲಿ ಆರೈಕೆಯ ಭಾರ ಸೊಸೆ, ಮಗಳು ಅಥವಾ ವಯಸ್ಸಾದ ಪತ್ನಿಯ ಮೇಲೆ ಬೀಳುತ್ತದೆ. ನಿದ್ದೆಗೆಡುವುದು, ಸೊಂಟನೋವು, ಸಣ್ಣ ಮಾತಿಗೂ ಸಿಡುಕುವುದು, ತಮ್ಮದೇ ಔಷಧಿ ಮರೆಯುವುದು ದಣಿವಿನ ಲಕ್ಷಣಗಳು. ನೋಡಿಕೊಳ್ಳುವವರೇ ಮಲಗಿಬಿಟ್ಟರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಆ ಹಂತ ತಲುಪುವ ಮೊದಲೇ ಬಿಡುವು ಪಡೆಯಬೇಕು.

ಇದು ಕೈಬಿಟ್ಟಂತೆ ಅಲ್ಲ

ಜೈನಧರ್ಮದಲ್ಲಿ ವೈಯಾವೃತ್ಯ, ಅಂದರೆ ಸೇವೆ, ಆರು ಅಂತರಂಗ ತಪಗಳಲ್ಲಿ ಒಂದು. ಹೀಗಾಗಿ ತಂದೆತಾಯಿಯನ್ನು ನಾಲ್ಕು ದಿನ ಬೇರೆಡೆ ಇರಿಸಲು ಅನೇಕರು ಅಳುಕುತ್ತಾರೆ. ಆದರೆ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಅಪರಾಧವೆನ್ನುವುದು ಹಿರಿಯರನ್ನು ಸಂಪೂರ್ಣವಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವುದನ್ನು. ಮರಳಿ ಕರೆತರುವ ದಿನ ನಿಗದಿಪಡಿಸಿ, ಹಿರಿಯರಿಗೂ ತಿಳಿಸಿ ಮಾಡುವ ಏರ್ಪಾಡು ಸೇವೆ ಮುಂದುವರಿಯಲೆಂದೇ ಇರುವಂಥದ್ದು.

ಮೂರು ವಿಧಗಳು

• ಮನೆಯಲ್ಲಿ: ಬಂಧುಗಳು ಅಥವಾ ತರಬೇತಿ ಪಡೆದ ಸಹಾಯಕರು ಬಂದು ನೋಡಿಕೊಳ್ಳುವುದು. ಮರೆವಿನ ಕಾಯಿಲೆಯವರಿಗೆ ಪರಿಚಿತ ಜಾಗ ಬದಲಾಗದಿರುವುದೇ ಇದರ ಅನುಕೂಲ.
• ಹಗಲು ಆರೈಕೆ ಕೇಂದ್ರ: ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು.
• ವಸತಿ ಸಹಿತ: ಶಸ್ತ್ರಚಿಕಿತ್ಸೆ, ಮದುವೆ, ಯಾತ್ರೆಯ ಸಮಯದಲ್ಲಿ ಕೆಲವು ದಿನ ಕೇಂದ್ರದಲ್ಲಿ ಇರಿಸುವುದು.

ಕೇಂದ್ರಕ್ಕೆ ಬರೆದುಕೊಡಬೇಕಾದ ವಿವರ

• ಸೂರ್ಯಾಸ್ತದ ಮುನ್ನ ಊಟ; ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮೊದಲಾದ ಗಡ್ಡೆಗಳ ವರ್ಜನೆ; ಸೋಸಿದ ಅಥವಾ ಕಾಯಿಸಿದ ನೀರು; ಅಷ್ಟಮಿ, ಚತುರ್ದಶಿಯ ನಿಯಮ.
• ಔಷಧಿಗಳ ಹೆಸರು, ಪ್ರಮಾಣ, ಹೊತ್ತು. ರಾತ್ರಿ ಏನನ್ನೂ ಸೇವಿಸದವರ ಮಾತ್ರೆ, ಇನ್ಸುಲಿನ್ ಸಮಯವನ್ನು ವೈದ್ಯರೇ ಗೊತ್ತುಪಡಿಸಲಿ. ಕ್ಯಾಪ್ಸೂಲ್ ಹೊದಿಕೆಯಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು. ಬದಲಿ ಇದೆಯೇ ಎಂದು ಕೇಳಬೇಕು, ತಾವಾಗಿ ನಿಲ್ಲಿಸಬಾರದು.
• ಕನ್ನಡಕ, ಶ್ರವಣಯಂತ್ರ, ಜಪಮಾಲೆ, ನಿತ್ಯ ದರ್ಶನ ಮಾಡುವ ಜಿನಬಿಂಬದ ಚಿತ್ರ ಜೊತೆಗಿರಲಿ.

ರಾತ್ರಿ ಸಿಬ್ಬಂದಿ ಎಷ್ಟು, ತುರ್ತಿಗೆ ಯಾವ ಆಸ್ಪತ್ರೆ, ಮನೆಯವರು ಯಾವಾಗ ಭೇಟಿಯಾಗಬಹುದು ಎಂಬುದನ್ನು ಮೊದಲೇ ವಿಚಾರಿಸಬೇಕು. ಮೊದಲ ಬಾರಿ ಒಂದು ಹಗಲು ಮಾತ್ರ ಇರಿಸಿ ನೋಡುವುದು ಒಳಿತು.

ಎಲ್ಲಿ ವಿಚಾರಿಸಬೇಕು?

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ‘ಎಲ್ಡರ್‌ಲೈನ್’ ಸಂಖ್ಯೆ 14567, ಕರೆ ಉಚಿತ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗಾಗಿ ಕೇಂದ್ರ ನಡೆಸುತ್ತದೆ. ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಕರುಣಾಶ್ರಯದಲ್ಲಿ ಉಚಿತ ಆರೈಕೆಯಿದೆ. 70 ವರ್ಷ ಮೇಲ್ಪಟ್ಟವರ ಆಯುಷ್ಮಾನ್ ಸೌಲಭ್ಯ ಆಸ್ಪತ್ರೆಯ ಚಿಕಿತ್ಸೆಗೆ ಮೀಸಲು. ಬಿಡುವಿಗಾಗಿ ಇರಿಸುವ ದಿನಗಳ ಖರ್ಚನ್ನು ಕುಟುಂಬವೇ ಮುಂಚಿತವಾಗಿ ಲೆಕ್ಕಹಾಕಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಹಂಚಿಕೊಳ್ಳುವುದು ಉತ್ತಮ.