ಅಡುಗೆಯನ್ನು ಎಲ್ಲಿ ನಿಲ್ಲಿಸಬೇಕು: ತುಮಕೂರು ಸೀಮೆಯ ಫ್ರೀಜರ್ ಕುರಿತ ಒಂದು ಟಿಪ್ಪಣಿ

ವಾರಕ್ಕಾಗುವಷ್ಟು ಅಡುಗೆಯನ್ನು ಭಾನುವಾರವೇ ಮಾಡಿ, ಡಬ್ಬಿಗಳಿಗೆ ತುಂಬಿ, ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟು, ದಿನಕ್ಕೊಂದು ತೆಗೆದು ಬಿಸಿಮಾಡಿಕೊಂಡು ಉಣ್ಣುವುದು ಅಮೆರಿಕ, ಯೂರೋಪಿನ ಮನೆಗಳಲ್ಲಿ ಬೇರೂರಿದ ಪದ್ಧತಿ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಿಗೂ ಫ್ರೀಜರ್ ಬಂದಿದೆ. ಆ ಪದ್ಧತಿ ಮಾತ್ರ ಹಾಗೇ ಬಂದಿಲ್ಲ. ಇಲ್ಲಿ ಫ್ರೀಜರಿಗೆ ಹೋಗುವುದು ಸುಲಿದ ಅವರೆಕಾಳು, ಹಿತುಕಿದ ಬೇಳೆ, ತುರಿದ ಕಾಯಿ, ಬಿಡಿಸಿದ ಹಲಸಿನ ತೊಳೆ, ರುಬ್ಬಿದ ಶುಂಠಿ-ಬೆಳ್ಳುಳ್ಳಿ. ಸಿದ್ಧವಾದ ಊಟ ಹೋಗುವುದು ಅಪರೂಪ.

ತಂಗಳಿನ ಬಗ್ಗೆ ನಮ್ಮವರಿಗಿರುವ ಹಿಂಜರಿಕೆಯೇ ಇದಕ್ಕೆ ಕಾರಣ ಎಂದು ಹೇಳಿಬಿಡುವುದು ವಾಡಿಕೆ. ನನಗೆ ಆ ವಿವರಣೆ ಸಾಲದು ಅನಿಸುತ್ತದೆ. ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋದ ಸೀಮೆ ಇದು. ಬಸ್ಸಾರನ್ನು ಮಾರನೆಯ ದಿನ ಮತ್ತೆ ಕುದಿಸಿದರೇ ರುಚಿ ಎನ್ನುವವರು ಇವತ್ತಿಗೂ ಕಡಿಮೆಯಿಲ್ಲ. ಇಂಥವರು ಹಳೆಯ ಅಡುಗೆಗೆ ಹೆದರುತ್ತಾರೆ ಎಂದರೆ ನಂಬುವುದು ಕಷ್ಟ. ಊಟವನ್ನು ಬಿಟ್ಟು ಊಟಕ್ಕೆ ಹಿಂದಿನ ಕೆಲಸವನ್ನು ಫ್ರೀಜರಿಗೆ ಹಾಕುವ ಈ ಆಯ್ಕೆಗೆ ರಾಗಿ, ಅಕ್ಕಿ, ತೆಂಗು ಮತ್ತು ಮನೆಯಲ್ಲಿರುವ ಫ್ರಿಜ್ಜಿನ ಗುಣವೇ ಆಧಾರ ಎಂಬುದು ಈ ಟಿಪ್ಪಣಿಯ ವಾದ.

ಮೊದಲು, ಮುಂಚಿತವಾಗಿ ಅಡುಗೆ ಮಾಡಿಡುವುದು ಇಲ್ಲಿಗೆ ಹೊಸದೇನಲ್ಲ. ಪುಳಿಯೋಗರೆ ಗೊಜ್ಜನ್ನೇ ನೋಡಿ. ಹುಣಸೆ ರಸವನ್ನು ಬೆಲ್ಲ, ಉಪ್ಪು, ಖಾರದ ಜೊತೆ ಎಣ್ಣೆ ಬಿಡುವವರೆಗೆ ಕುದಿಸಿ ಇಳಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಿಸಿ ಅನ್ನ ಕಲಸಿದರೆ ಊಟವಾಯಿತು. ಹುಳಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಡದು. ಉಪ್ಪು, ಬೆಲ್ಲ ಸೇರಿ ಇದ್ದಬದ್ದ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಫ್ರೀಜರ್ ಮಾಡುವುದೂ ಇದನ್ನೇ. ನೀರನ್ನು ಮಂಜುಗಡ್ಡೆಯಾಗಿಸಿ ಸೂಕ್ಷ್ಮಜೀವಿಗಳ ಕೈಗೆ ಸಿಗದಂತೆ ಮಾಡುತ್ತದೆ. ರಾಜ್ಯದ ದೊಡ್ಡ ಹುಣಸೆ ಮಾರುಕಟ್ಟೆಗಳಲ್ಲೊಂದು ತುಮಕೂರಿನದು, ಹಾಗಾಗಿ ವರ್ಷದ ಹುಣಸೆಯನ್ನು ಬೇಸಿಗೆಯಲ್ಲೇ ಕೊಂಡು ಉಪ್ಪು ಬೆರೆಸಿ ಗಡಿಗೆಗೆ ತುಂಬುವುದು ಇಲ್ಲಿ ಸಹಜವಾಗಿ ನಡೆದುಬಂತು. ಹುರಿಹಿಟ್ಟು, ಸಾರಿನ ಪುಡಿ, ಹಪ್ಪಳ, ಸಂಡಿಗೆಗಳೂ ಇದೇ ಸಾಲಿಗೆ ಸೇರಿದವು. ಮಳೆ ಕಡಿಮೆ, ಮಾರ್ಚ್‌-ಏಪ್ರಿಲ್ ಬಿಸಿಲು ಒಣ ಬಿಸಿಲು. ಕರಾವಳಿಯವರು ಒಣಗಿಸಲು ಪಡುವ ಪಾಡು ಇಲ್ಲಿಲ್ಲ. ಒಣಗಿಸಿದರೂ, ಗಟ್ಟಿಗೆ ಕುದಿಸಿದರೂ ಉಳಿಯದ ಪದಾರ್ಥಗಳೇ ಫ್ರೀಜರಿನ ಪಾಲಿಗೆ ಬಂದವು.

ಇನ್ನು ಊಟವನ್ನೇ ಇಟ್ಟರೆ ಏನಾಗುತ್ತದೆ? ಬೇಯಿಸಿದ ಪಿಷ್ಟ ತಣಿದಂತೆ ಅದರ ಅಣುಗಳು ಮತ್ತೆ ಸಾಲುಗಟ್ಟಿ ನೀರನ್ನು ಹೊರದೂಡುತ್ತವೆ. ಈ ಕ್ರಿಯೆ ಅತ್ಯಂತ ವೇಗವಾಗಿ ನಡೆಯುವುದು ಸೊನ್ನೆಗಿಂತ ತುಸು ಮೇಲೆ, ಅಂದರೆ ಫ್ರಿಜ್ಜಿನ ಕೆಳಗಿನ ಅರೆಗಳ ತಂಪಿನಲ್ಲಿ. ಅನ್ನ ಅಲ್ಲಿ ಕಾಳುಕಾಳಾಗಿ ಬಿರುಸಾಗುವುದು ಇದರಿಂದಲೇ. ಪೂರ್ತಿ ಮಂಜುಗಟ್ಟಿದ ಮೇಲೆ ಈ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಬೇಗ ಗಟ್ಟಿ ಮಾಡಿದ ಅನ್ನ ಹಬೆಯಲ್ಲಿ ಮತ್ತೆ ಮೆತ್ತಗಾಗುತ್ತದೆ, ಫ್ರಿಜ್ಜಿನಲ್ಲಿಟ್ಟದ್ದಕ್ಕಿಂತ ಎಷ್ಟೋ ವಾಸಿ. ಮುದ್ದೆಯ ಕಥೆ ಬೇರೆ. ಅದು ಇಡಿಯಾಗಿ ಒಂದೇ ಉಂಡೆ, ಬಿಡಿಬಿಡಿ ಕಾಳಲ್ಲ. ಮನೆಯ ಫ್ರೀಜರಿನಲ್ಲಿ ಅದರ ನಡುವಿನವರೆಗೆ ತಂಪು ಇಳಿಯಲು ಗಂಟೆಗಟ್ಟಲೆ ಬೇಕು, ಕರಗುವಾಗಲೂ ಅಷ್ಟೇ. ಅಷ್ಟರಲ್ಲಿ ಮೈಯೆಲ್ಲ ನೀರೊಸರಿ ಬಿರುಕುಬಿಡುತ್ತದೆ, ನುಣುಪು ಹೋಗುತ್ತದೆ. ನುಂಗುವ ಪದಾರ್ಥಕ್ಕೆ ನುಣುಪೇ ಹೋದರೆ ಉಳಿಯುವುದೇನು? ಹಿಟ್ಟಿದ್ದರೆ ಹದಿನೈದು-ಇಪ್ಪತ್ತು ನಿಮಿಷದಲ್ಲಿ ತೊಳಸಬಹುದಾದ ಮುದ್ದೆಯನ್ನು ಫ್ರೀಜರಿಗೆ ಹಾಕುವುದರಲ್ಲಿ ಲಾಭವೂ ಇಲ್ಲ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಮುದ್ದೆ ದಿನದಿನವೂ ಬಿಸಿಯಾಗಿಯೇ ಸಿದ್ಧವಾಗುತ್ತದೆ. ಅಷ್ಟು ದೊಡ್ಡ ಅಡುಗೆಮನೆಯಲ್ಲೂ ಅದಕ್ಕೆ ಅಡ್ಡದಾರಿಯಿಲ್ಲ.

ಸಾರಿನ ವಿಷಯದಲ್ಲಿ ನಿಲ್ಲಿಸಬೇಕಾದ ಜಾಗ ಸ್ಪಷ್ಟವಾಗಿ ಕಾಣುತ್ತದೆ. ರುಬ್ಬಿದ ಕಾಯಿ ಹಾಕಿ ಕುದಿಸಿದ ಸಾರು ಎಂದರೆ ನೀರಿನಲ್ಲಿ ಸಣ್ಣಸಣ್ಣ ಎಣ್ಣೆಹನಿಗಳು ತೇಲುತ್ತಿರುವ ಮಿಶ್ರಣ. ಮಂಜಿನ ಹರಳು ಬೆಳೆಯುತ್ತ ಆ ಹನಿಗಳನ್ನು ಒಂದಕ್ಕೊಂದು ಒತ್ತುತ್ತದೆ. ಕರಗಿದಾಗ ಎಣ್ಣೆ ಮೇಲೆ, ತಿಳಿ ಕೆಳಗೆ, ಚರಟ ನಡುವೆ. ಕುದಿಸಿದರೆ ತಕ್ಕಮಟ್ಟಿಗೆ ಕೂಡಿಕೊಂಡರೂ ಮೊದಲಿನ ಹದ ಬರುವುದಿಲ್ಲ. ಆಲೂಗಡ್ಡೆ ಹಾಕಿದ ಹುಳಿಯಂತೂ ಇನ್ನೂ ಕೆಟ್ಟದು, ಹೋಳು ಸ್ಪಂಜಿನಂತಾಗುತ್ತದೆ. ಅದೇ ಬೇಳೆ, ಕಾಳು, ಸೊಪ್ಪುಗಳನ್ನು ಬೇಯಿಸಿ, ಕಾಯಿ-ಖಾರ ಹಾಕುವ ಮುನ್ನವೇ ನಿಲ್ಲಿಸಿ, ಇಟ್ಟರೆ ಏನೂ ಆಗುವುದಿಲ್ಲ. ಕಾಯಿತುರಿಯೂ ಬೇರೆಯಾಗಿ ಇದ್ದರೆ ಸೊಗಸಾಗಿ ಉಳಿಯುತ್ತದೆ. ಮಂಜಿನ ಹರಳು ಕೆಡಿಸುವುದು ಜೀವಕೋಶದ ಗೋಡೆಯನ್ನು. ಹೇಗೂ ಮಿಕ್ಸಿಗೆ ಹೋಗಿ ಅರೆಯಲ್ಪಡುವ ತುರಿಗೆ ಅದರಿಂದ ನಷ್ಟವಿಲ್ಲ. ತೋಟದಲ್ಲೇ ತೆಂಗಿರುವ ಗುಬ್ಬಿಯ ಮನೆಗಳಿಗೆ ಇದರ ಅಗತ್ಯ ಅಷ್ಟಾಗಿ ಬೀಳದು, ಬೇಕೆಂದಾಗ ಒಂದು ಕಾಯಿ ಸುಲಿದರಾಯಿತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟು ರಾತ್ರಿ ಹಿಂದಿರುಗುವ ತುಮಕೂರಿನ ಸಂಸಾರಗಳಿಗೆ ಅದೇ ದೊಡ್ಡ ಆಸರೆ. ಒಗ್ಗರಣೆ ಮತ್ತು ಕಾಯಿ ಕೊನೆಗೆ ಬೀಳುವ ನಮ್ಮ ಅಡುಗೆಯ ಕ್ರಮವೇ ಹೀಗೆ ನಡುವೆ ನಿಲ್ಲಿಸಲು ಅನುಕೂಲ ಮಾಡಿಕೊಟ್ಟಿದೆ.

ಆದರೆ ಈ ಸೀಮೆಯ ಫ್ರೀಜರಿನ ನಿಜವಾದ ಒಡೆಯ ಅವರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಿತ್ತುವ ನಾಡ ತಳಿಗಳು ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತವೆ. ಕಾಯಿ ಸಿಗುವುದು ಡಿಸೆಂಬರ್, ಜನವರಿಯಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ವರ್ಷವಿಡೀ ಬೆಳೆಯಬಹುದು. ಹಾಗಿದ್ದ ಮೇಲೆ ಫ್ರೀಜರೇಕೆ ಎಂದು ಕೇಳಿದರೆ ಅವರೆ ಪ್ರಿಯರ ಉತ್ತರ ಒಂದೇ: ಸೊಗಡು. ಸೊಗಡಿರುವುದು ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಅಂಟಿನಲ್ಲಿ. ಕೆಲವು ಕೊಬ್ಬಿನ ಆಮ್ಲಗಳು ಅದರ ಪರಿಮಳಕ್ಕೆ ಕಾರಣ ಎಂದು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಇಬ್ಬನಿ ಬಿದ್ದ ಚಳಿಗಾಲದ ಕಾಯಿಯಲ್ಲಿ ಅದು ಹೆಚ್ಚು ಎಂಬುದು ರೈತರ ಮಾತು. ಇಲ್ಲೊಂದು ತಮಾಷೆಯಿದೆ. ಸೊಗಡಿಗಾಗಿ ಜನವರಿಯ ಅವರೆಯನ್ನು ಕೊಂಡು, ಸುಲಿದು, ನೆನೆಹಾಕಿ ಹಿತುಕಿ ಕವರಿಗೆ ತುಂಬುವವರು ಆ ಸೊಗಡಿನ ಬಹುಪಾಲನ್ನು ಸಿಪ್ಪೆಯ ಜೊತೆ ಹೊರಗೆ ಎಸೆದಿರುತ್ತಾರೆ. ಫ್ರೀಜರಿನಲ್ಲಿ ಉಳಿಯುವುದು ಬೇಳೆಯ ಎಳಸುತನ, ಬೆಣ್ಣೆಯಂಥ ಮೃದುತ್ವ. ಜೊತೆಗೆ ಇನ್ನೊಂದು, ನನ್ನ ಮಟ್ಟಿಗೆ ಅದೇ ಮುಖ್ಯ: ಶ್ರಮ. ಒಂದು ಸೇರು ಬೇಳೆ ಹಿತುಕಲು ಮನೆಮಂದಿಯೆಲ್ಲ ಸಂಜೆಪೂರ್ತಿ ಕೂರಬೇಕು. ಜನವರಿಯಲ್ಲಿ ನಾಲ್ಕು ಕೈ ಸೇರಿದಾಗ ಮಾಡಿಟ್ಟ ಕೆಲಸವನ್ನು ಏಪ್ರಿಲ್‌ನಲ್ಲಿ ಒಬ್ಬರೇ ಇದ್ದಾಗ ಬಳಸುವುದು ಇಲ್ಲಿನ ಲೆಕ್ಕಾಚಾರ.

ಹಿತುಕಿದ ಬೇಳೆಯನ್ನು ಹಸಿಯಾಗಿಯೇ ಇಡುವ ರೂಢಿ ಹೆಚ್ಚು. ಕೆಲವು ವಾರಗಳ ಮಟ್ಟಿಗೆ ತೊಂದರೆಯಿಲ್ಲ. ಆಮೇಲೆ ಹಳೆ ಹುಲ್ಲಿನಂಥ ವಾಸನೆ ಬರತೊಡಗುತ್ತದೆ. ಕಾಳಿನೊಳಗಿನ ಲಿಪಾಕ್ಸಿಜೆನೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವ ಕೆಲಸವನ್ನು ಚಳಿಯಲ್ಲೂ ಪೂರ್ತಿ ಬಿಡುವುದಿಲ್ಲ; ನಿಧಾನವಾಗುತ್ತದೆ, ಅಷ್ಟೆ. ಅದನ್ನು ಸುಮ್ಮನಾಗಿಸಲು ಶಾಖ ಬೇಕು. ಅವರೆಯನ್ನು ಹೋಲುವ ಲೈಮಾ ಬೀನ್ಸ್‌ಗೆ ಅಮೆರಿಕದ ಮನೆ-ಸಂಸ್ಕರಣಾ ಕೈಪಿಡಿಗಳು ಗಾತ್ರ ನೋಡಿ 2ರಿಂದ 4 ನಿಮಿಷ ಕುದಿನೀರಿನಲ್ಲಿಡಲು ಹೇಳುತ್ತವೆ. ಹಿತುಕಿದ ಬೇಳೆ ತೆಳು, ಸಿಪ್ಪೆಯಿಲ್ಲದ್ದು. ಅದಕ್ಕೆ 2 ನಿಮಿಷವೇ ಸಾಕು, ಹೆಚ್ಚಾದರೆ ಕರಗಿಯೇ ಹೋಗುತ್ತದೆ. ಕೂಡಲೇ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರಡಿ, ತೇವ ಆರಿದ ಮೇಲೆ ತುಂಬಬೇಕು. ತೇವ ಉಳಿದರೆ ಎಲ್ಲ ಸೇರಿ ಕಲ್ಲಿನಂತೆ ಒಂದಾಗಿ ಕೂರುತ್ತದೆ, ಆಮೇಲೆ ಬೇಕಾದಷ್ಟನ್ನೇ ಬಿಡಿಸಿಕೊಳ್ಳಲು ಆಗುವುದಿಲ್ಲ.

ಕವರನ್ನು ತೆಳ್ಳಗೆ ಹರಡಿ ಮಲಗಿಸಿಡುವುದಕ್ಕೂ ಕಾರಣವುಂಟು. ಪದಾರ್ಥ ಮಂಜುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಜರ್ಮನಿಯ ರುಡಾಲ್ಫ್ ಪ್ಲಾಂಕ್ 1913ರಲ್ಲೇ ಸೂತ್ರ ಕೊಟ್ಟಿದ್ದ. ಅದರ ಪ್ರಕಾರ ದಪ್ಪ ಎರಡರಷ್ಟಾದರೆ ಹೊತ್ತು ಎರಡರಷ್ಟನ್ನು ಮೀರುತ್ತದೆ. ನಿಧಾನವಾಗಿ ಗಟ್ಟಿಯಾದಷ್ಟೂ ಹರಳು ದೊಡ್ಡದು, ಕರಗಿದಾಗ ನೀರೂ ಹೆಚ್ಚು. ಕಾರ್ಖಾನೆಗಳಲ್ಲಿ ಮೈನಸ್ 30 ಡಿಗ್ರಿಗೂ ಕೆಳಗಿನ ಗಾಳಿಯನ್ನು ರಭಸವಾಗಿ ಹಾಯಿಸಿ ಒಂದೊಂದು ಕಾಳನ್ನೂ ನಿಮಿಷಗಳಲ್ಲಿ ಗಟ್ಟಿ ಮಾಡುತ್ತಾರೆ. ತುಮಕೂರಿನ ಪಕ್ಕದ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕಿನಂಥ ಕಡೆ ಬಳಸುವ ತಂತ್ರಗಳನ್ನು ಮನೆಯಲ್ಲಿ ನಿರೀಕ್ಷಿಸಲಾಗದು. ಮನೆಯವರ ಕೈಯಲ್ಲಿರುವುದು ದಪ್ಪ ಕಡಿಮೆ ಮಾಡುವುದೊಂದೇ.

ಯಂತ್ರದ ಬಗ್ಗೆ ಎರಡು ಮಾತು. ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿರುವ ನಕ್ಷತ್ರಗಳನ್ನು ನೋಡಿ ತಂಪನ್ನು ಅಳೆಯುವವರಿದ್ದಾರೆ. ಆ ನಕ್ಷತ್ರಗಳು ವಿದ್ಯುತ್ ಉಳಿತಾಯದವು. ಫ್ರೀಜರಿನ ತಂಪನ್ನು ಹೇಳುವ ಅಂತರರಾಷ್ಟ್ರೀಯ ನಕ್ಷತ್ರ ಗುರುತು ಬೇರೆಯೇ ಇದೆ: ಒಂದಕ್ಕೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18 ಡಿಗ್ರಿ. ತಿಂಗಳುಗಟ್ಟಲೆ ಇಡಲು ಬೇಕಾದದ್ದು ಮೈನಸ್ 18. ಒಂಟಿ ಬಾಗಿಲ ಫ್ರಿಜ್ಜಿನ ಮೇಲುಗೂಡು ಸದಾ ಅಷ್ಟಕ್ಕೆ ಇಳಿಯುತ್ತದೆ ಎಂಬ ಭರವಸೆಯಿಲ್ಲ; ಐಸ್ ಕಟ್ಟಿಕೊಂಡಿತೆಂದು ಗುಂಡಿ ಒತ್ತಿ ಕರಗಿಸಿದಾಗಲೆಲ್ಲ ಒಳಗಿನ ಅವರೆಯೂ ಅರ್ಧ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಇಂಥ ಮನೆಯಲ್ಲಿ ಒಂದೂವರೆ-ಎರಡು ತಿಂಗಳಿಗಿಂತ ಹೆಚ್ಚು ಇಡದಿರುವುದು ಜಾಣತನ.

ಹಳ್ಳಿಗಳಲ್ಲಿ ಫ್ರೀಜರನ್ನು ನಂಬಲು ಆದದ್ದೇ ಈಚೆಗೆ. ನಿರಂತರ ಜ್ಯೋತಿ ಯೋಜನೆ ಮನೆಗಳ ವಿದ್ಯುತ್ ಮಾರ್ಗವನ್ನು ಪಂಪ್‌ಸೆಟ್ಟುಗಳ ಮಾರ್ಗದಿಂದ ಬೇರ್ಪಡಿಸಿತು. ಅದಕ್ಕೆ ಮುಂಚೆ ಪಂಪ್‌ಸೆಟ್ಟಿನ ಪಾಳಿಯೇ ಮನೆಗೂ ಪಾಳಿ. ಪೂರ್ತಿ ತುಂಬಿದ, ಬಾಗಿಲು ತೆರೆಯದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿಯುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಆ ಅಂಕಿಗಳನ್ನು ನಮ್ಮ ಒಂಟಿ ಬಾಗಿಲ ಫ್ರಿಜ್ಜಿನ ಪುಟ್ಟ ಗೂಡಿಗೆ ಹೊಂದಿಸಿ ನೆಚ್ಚಿಕೊಳ್ಳಬಾರದು. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಆದರೆ ಪ್ರತಿ ಮನೆಯ ಮಿತಿ ಅದರ ಹಿಂದಿನ ಸರಾಸರಿ ಬಳಕೆಗಿಂತ ತುಸು ಹೆಚ್ಚು ಮಾತ್ರ. ಹೊಸದಾಗಿ ಡೀಪ್ ಫ್ರೀಜರ್ ತರಬೇಕೆನ್ನುವವರು ಈ ಲೆಕ್ಕವನ್ನೂ ಹಾಕಬೇಕಾಗುತ್ತದೆ.

ಬೇಯಿಸಿದ್ದನ್ನೇ ಇಡುವವರಿಗೆ ಅಪಾಯವಿರುವುದು ಫ್ರೀಜರಿನೊಳಗಲ್ಲ, ಅದಕ್ಕೆ ಮುಂಚಿನ ಒಂದೆರಡು ತಾಸಿನಲ್ಲಿ. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಗಳು ಕುದಿಗೆ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದರೆ ಅವು ಮೊಳೆತು ಬೆಳೆಯುತ್ತವೆ; ಅವುಗಳ ಒಂದು ವಿಷವಂತೂ ಮತ್ತೆ ಎಷ್ಟು ಕುದಿಸಿದರೂ ನಾಶವಾಗದು. ಅಮೆರಿಕದ ಆಹಾರ ಸಂಹಿತೆ ಬಿಸಿ ಅಡುಗೆಯನ್ನು 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಒಟ್ಟು ಆರು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕೆನ್ನುತ್ತದೆ. ಏಪ್ರಿಲ್ ತಿಂಗಳ ತುಮಕೂರಿನ ಅಡುಗೆಮನೆಯಲ್ಲಿ ಮುಚ್ಚಿಟ್ಟ ದೊಡ್ಡ ಪಾತ್ರೆ ತಾನಾಗಿ 21ಕ್ಕೆ ಬರುವ ಮಾತೇ ಇಲ್ಲ, ಹೊರಗಿನ ಗಾಳಿಯೇ 35ರ ಮೇಲಿರುತ್ತದೆ. ಅಗಲ ತಟ್ಟೆಗೆ ಹರಡಿ, ಆ ತಟ್ಟೆಯನ್ನು ತಣ್ಣೀರಿನಲ್ಲಿ ಕೂರಿಸಿ, ಹಬೆ ನಿಂತೊಡನೆ ಫ್ರಿಜ್ಜಿಗೆ ಸೇರಿಸಬೇಕು.

ಕೊನೆಗೆ ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರಾದ ಊರು. ಹಣ್ಣೊಂದಕ್ಕೆ ಹತ್ತು ಕಿಲೋ ಮೀರುವುದು ಸಾಮಾನ್ಯ. ನಾಲ್ಕು ಜನರ ಮನೆಯಲ್ಲಿ ಒಂದನ್ನು ಕೊಯ್ದರೆ ಉಳಿದದ್ದನ್ನು ನೆರೆಯವರಿಗೆ ಹಂಚಬೇಕು ಅಥವಾ ದನಕ್ಕೆ ಹಾಕಬೇಕು. ಅದೇ ಚೇಳೂರಿನ ರೈತ ಎಸ್.ಎಸ್. ಪರಮೇಶ ಅವರ ಜಮೀನಿನ ಮರವನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಮರ ನೆಟ್ಟ ತಂದೆ ಸಿದ್ದಪ್ಪನವರ ನೆನಪಿಗೆ ಅದು ‘ಸಿದ್ದು’ ಆಯಿತು, 2017ರಲ್ಲಿ ಸಸಿ ಮಾಡಿ ಮಾರುವ ಒಪ್ಪಂದವೂ ಆಯಿತು. ತೊಳೆ ತಾಮ್ರಗೆಂಪು, ಸಿಹಿ ಸುಮಾರು 31 ಬ್ರಿಕ್ಸ್, ಹಣ್ಣಿನ ತೂಕ ಎರಡೂವರೆ ಕಿಲೋದ ಆಸುಪಾಸು. ಎಲ್ಲರೂ ಹೊಗಳಿದ್ದು ಬಣ್ಣವನ್ನು, ಅದರಲ್ಲಿರುವ ಲೈಕೋಪೀನನ್ನು. ಅಡುಗೆಮನೆಯ ಕಡೆಯಿಂದ ನೋಡುವ ನನಗೆ ತೂಕವೇ ದೊಡ್ಡ ಗುಣ. ಉಳಿದ ತೊಳೆಯನ್ನು ಎಲ್ಲಿಡುವುದು ಎಂಬ ಪ್ರಶ್ನೆಯನ್ನೇ ಆ ಮರ ಇಲ್ಲವಾಗಿಸಿದೆ.

ಕಾಲದ ಪ್ರಶ್ನೆ ಮಾತ್ರ ಉಳಿಯುತ್ತದೆ. ಮಳೆ ಬಲಿತ ಮೇಲೆ ಹಣ್ಣಿನ ರುಚಿ ಇಳಿಯುತ್ತದೆ, ಆಮೇಲೆ ವರ್ಷಪೂರ್ತಿ ಕಾಯಬೇಕು. ಸಿಹಿ ಹೆಚ್ಚಿರುವ ತೊಳೆ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದ ಮೇಲಷ್ಟೇ ಮಂಜುಗಟ್ಟಲು ತೊಡಗುವುದರಿಂದ ಮೈನಸ್ 6ರ ಗೂಡಿನಲ್ಲಿ ಅದು ಅರೆಗಟ್ಟಿಯಾಗಿಯೇ ಇದ್ದು ಬೇಗ ಬಣ್ಣಗೆಡುತ್ತದೆ. ಮೈನಸ್ 18ರಲ್ಲಿ ತಿಂಗಳುಗಳವರೆಗೆ ಚೆನ್ನಾಗಿರುತ್ತದೆ. ಬೀಜ ತೆಗೆದು, ತೊಳೆಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ ಗಟ್ಟಿ ಮಾಡಿ, ಆಮೇಲೆ ಕವರಿಗೆ ತುಂಬಿ ಗಾಳಿ ಒತ್ತಿ ತೆಗೆಯಬೇಕು. ಪೂರ್ತಿ ಕರಗಲು ಬಿಡದೆ ತಿಂದರೆ ಚೆಂದ; ಕರಗಿದ್ದು ಮೆತ್ತಗಾಗುವುದರಿಂದ ಪಾಯಸಕ್ಕೆ, ಕಡುಬಿಗೆ ಸರಿಹೋಗುತ್ತದೆ. ಬೀಜಕ್ಕೆ ಇಷ್ಟೆಲ್ಲ ಉಪಚಾರ ಬೇಡ: ತೊಳೆದು ನೆರಳಲ್ಲಿ ಆರಿಸಿ, ಮಣ್ಣು ಅಥವಾ ಬೂದಿ ಹಚ್ಚಿ ಮೂಲೆಯಲ್ಲಿಟ್ಟರೆ ಮಳೆಗಾಲದುದ್ದಕ್ಕೂ ಸಾರಿಗೆ ಒದಗುತ್ತದೆ.