ಮಂಚದ ಹಿಂದೆ ಬಚ್ಚಿಟ್ಟ ಚಿತ್ರ

ಮುದ್ದೇಬಿಹಾಳದ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ, ನೀಲಾಂಬಿಕೆಯ ಐಕ್ಯಸ್ಥಳವಿದೆ. ಆಕೆಯ ವಚನಗಳು ನಮಗೆ ಉಳಿದಿವೆ, ಮುಖ ಉಳಿದಿಲ್ಲ. ನಮ್ಮ ನಾಡಿನ ಹಳಬರಲ್ಲಿ ಹೆಚ್ಚಿನವರ ಕಥೆ ಇದೇ. ಆದರೆ ಮೈಸೂರಿನ ಒಬ್ಬ ರಾಯಭಾರಿಯ ಮುಖ, ಅವನೇ ಬಚ್ಚಿಟ್ಟರೂ, ಉಳಿದುಬಂದಿದೆ.

ಬ್ರಿಟಿಷರ ವಿರುದ್ಧ ಫ್ರಾನ್ಸಿನ ನೆರವು ಕೋರಿ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಕಳಿಸಿದ್ದ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದ ಅವರು ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ 16ನೇ ಲೂಯಿಯನ್ನು ಕಂಡರು. ಸೈನಿಕ ಒಪ್ಪಂದ ಸಿಗಲಿಲ್ಲ. ಪ್ಯಾರಿಸ್ ಮಾತ್ರ ಅವರನ್ನು ನೋಡಲು ಮುಗಿಬಿತ್ತು.

ರಾಣಿಯ ಭಾವಚಿತ್ರಗಳಿಂದ ಹೆಸರಾಗಿದ್ದ ಕಲಾವಿದೆ ಎಲಿಜಬೆತ್ ವಿಜೆ ಲ ಬ್ರಂ ಅವರನ್ನು ಕಂಡದ್ದು ಒಪೆರಾದಲ್ಲಿ. ಚಿತ್ರ ಬರೆಯಲು ಕೇಳಿದಾಗ, ರಾಜ ಹೇಳಿದರೆ ಮಾತ್ರ ಎಂಬ ಉತ್ತರ ಬಂತು. ಆಕೆ ರಾಜನಿಂದಲೇ ಹೇಳಿಸಿದಳು. ದರ್ವೇಶ್ ಖಾನ್ ಬಿಳಿ ಮಸ್ಲಿನ್ ನಿಲುವಂಗಿ ತೊಟ್ಟು, ಆಯುಧದ ಹಿಡಿಯ ಮೇಲೆ ಕೈಯಿಟ್ಟು ನಿಂತ. ಚಿತ್ರ ಆಳೆತ್ತರಕ್ಕೂ ದೊಡ್ಡದು. ರಾಯಭಾರಿಗಳು ಆಕೆಯನ್ನು ಊಟಕ್ಕೂ ಕರೆದರು. ನೆಲದ ಮೇಲೆ ಕೂರಿಸಿ, ಕುರಿಯ ಕಾಲಿನ ಮಸಾಲೆ ಪದಾರ್ಥವನ್ನು ಕೈಯಿಂದಲೇ ಬಡಿಸಿದರೆಂದು ಆಕೆ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ನಮ್ಮ ಮನೆಗಳ ಪಾಯಾ ಇರಬೇಕು!

ಬಣ್ಣ ಒಣಗಲೆಂದು ಬಿಟ್ಟುಹೋದ ಚಿತ್ರವನ್ನು ದರ್ವೇಶ್ ಖಾನ್ ಮಂಚದ ಹಿಂದೆ ಅಡಗಿಸಿಟ್ಟ. ಅದಕ್ಕೊಂದು ಆತ್ಮ ಬೇಕು, ಕೊಡಲಾರೆ ಎಂದ. ಕೊನೆಗೆ ಆಕೆ ಅದನ್ನು ಕದ್ದು ತರಿಸಿಕೊಂಡಳು. ಖಾನನ ಸಿಟ್ಟು ತನ್ನ ಸೇವಕನ ಮೇಲೆ ತಿರುಗಿತು, ಕೊಲ್ಲಲೂ ಹೊರಟ. ಚಿತ್ರ ರಾಜನಿಗೆ ಬೇಕಾಗಿದೆ ಎಂದು ದುಭಾಷಿ ಸಮಾಧಾನ ಮಾಡಬೇಕಾಯಿತು.

ಆಕೆಗೆ ಇದೊಂದು ತಮಾಷೆಯ ಪ್ರಸಂಗ. ಆದರೆ ಜೀವಿಯ ಚಿತ್ರ ಬರೆದವನಿಗೆ ಕಿಯಾಮತ್ ದಿನ ಅದರಲ್ಲಿ ರೂಹು ತುಂಬಲು ಹೇಳಲಾಗುವುದು ಎಂಬ ಹದೀಸ್ ಕೇಳಿ ಬೆಳೆದವರಿಗೆ ಆ ಮಾತು ವಿಚಿತ್ರವೆನಿಸದು. ಹಾಗೆಂದು ಮುಸ್ಲಿಮರೆಲ್ಲ ಚಿತ್ರಕಲೆಯಿಂದ ದೂರ ನಿಂತವರಲ್ಲ. ನಮ್ಮ ವಿಜಯಪುರದಲ್ಲೇ 'ಕಿತಾಬ್-ಎ-ನೌರಸ್' ರಚಿಸಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮುಖವನ್ನು ಆಸ್ಥಾನದ ಕಲಾವಿದರು ಬರೆದರು. ತಾನಾಗಿ ಕೊಟ್ಟ ಮುಖ ಬೇರೆ, ಕದ್ದೊಯ್ದ ಮುಖ ಬೇರೆ.

1789ರಲ್ಲಿ ಈ ಚಿತ್ರ ಪ್ಯಾರಿಸ್ಸಿನ ಪ್ರದರ್ಶನದಲ್ಲಿತ್ತು. ಅಷ್ಟರಲ್ಲಿ ಬಾಸ್ಟಿಲ್ ಬಿದ್ದಿತ್ತು, ಅಕ್ಟೋಬರ್‌ನಲ್ಲಿ ಕಲಾವಿದೆಯೇ ದೇಶ ಬಿಟ್ಟು ಓಡಿದಳು. ಫ್ರೆಂಚರ ನೆರವಿಗೆ ಕಾದ ಟಿಪ್ಪು 1799ರ ಮೇ 4ರಂದು ಹುತಾತ್ಮನಾದ. 2019ರಲ್ಲಿ ಚಿತ್ರ ನ್ಯೂಯಾರ್ಕ್‌ನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು.

ಬೆಲೆ ಕಟ್ಟಿದವರು ಬಣ್ಣಕ್ಕೆ ಕಟ್ಟಿದರು. ಅದನ್ನು ನೋಡುವ ನಾವು, ಮಂಚದ ಹಿಂದೆ ಚಿತ್ರ ಬಚ್ಚಿಟ್ಟವನ ಆ ಮಾತನ್ನೂ ನೆನೆಯಬೇಕು.