ಕಡೇ ಸಾಲಿಗೂ ಕೇಳಿಸಲಿ ಅಂತ ಏಳು ತಂತಿ: ಪಿಟೀಲು ಚೌಡಯ್ಯ ಯಾರು, ಇವತ್ತಿಗೆ ಯಾಕೆ ಮುಖ್ಯ?

ಬೆಂಗಳೂರಿನ ಮಲ್ಲೇಶ್ವರಂ ಕಡೆ ಓಡಾಡಿದವರಿಗೆಲ್ಲ ಆ ಕಟ್ಟಡ ಗೊತ್ತು. ಪಿಟೀಲಿನ ಆಕಾರ, ಮೇಲೆ ತಂತಿ, ಪಕ್ಕದಲ್ಲಿ ಬಿಲ್ಲು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಚೌಡಯ್ಯ ಅಂದ್ರೆ ಯಾರು, ಅವರು ಮಾಡಿದ್ದೇನು ಅಂತ ಕೇಳಿದರೆ ಉತ್ತರ ಹೇಳೋರು ಕಡಿಮೆ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂಥ ಊರಿಂದ ಬೆಂಗಳೂರಿಗೆ ಓದೋಕೆ, ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗಂತೂ ಅದು ಹೊರಗಿಂದ ನೋಡುವ ಕಟ್ಟಡ, ಒಳಗೆ ಹೋಗಿ ಕೂರುವ ಜಾಗ ಅಲ್ಲ. ತಮಾಷೆ ಏನಪ್ಪಾ ಅಂದ್ರೆ, ಸಂಗೀತ ಮುಂದಿನ ಸಾಲಿನವರಿಗಷ್ಟೇ ಕೇಳಿಸಿದರೆ ಸಾಲದು ಅಂತ ತನ್ನ ವಾದ್ಯವನ್ನೇ ಬದಲಾಯಿಸಿದವರ ಹೆಸರು ಅದರ ಮೇಲಿದೆ.

ಹುಟ್ಟು, ಗುರು, ಕಲಿಕೆ

ಟಿ. ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಮೈಸೂರು ಸೀಮೆಯ ತಿರುಮಕೂಡಲು ನರಸೀಪುರದಲ್ಲಿ. ಕಾವೇರಿ ಕಪಿಲೆ ಸೇರುವ ಊರು ಅದು. ಮುಂದೆ ತಮ್ಮ ರಚನೆಗಳಿಗೆ ಅವರು ಇಟ್ಟುಕೊಂಡ ಅಂಕಿತವೂ ಊರಿನ ಹೆಸರಿನದೇ: 'ತ್ರಿಮಕುಟ'. ಮನೆತನ ಒಕ್ಕಲಿಗರದು. 1910ರಲ್ಲಿ ಮೈಸೂರು ಅರಮನೆಯ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಸುಮಾರು ಎಂಟು ವರ್ಷ ಕಟ್ಟುನಿಟ್ಟಿನ ಗುರುಕುಲದ ಪಾಠ. ಆಮೇಲೆ ಕಛೇರಿಯ ಬದುಕು.

ಆ ಎಂಟು ವರ್ಷಗಳಲ್ಲಿ ಮೈಸೂರಲ್ಲಿ ಇನ್ನೇನು ನಡೀತಿತ್ತು ಅನ್ನೋದನ್ನೂ ನೋಡಬೇಕು. ಸರ್ಕಾರಿ ನೌಕರಿಗಳೆಲ್ಲ ಒಂದೇ ಜಾತಿಯ ಕೈಯಲ್ಲಿವೆ ಅನ್ನುವ ತಕರಾರು ಜೋರಾಗಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆಯ್ತು. ಕಚೇರಿಯಲ್ಲಿ ಯಾರು ಕೂರಬೇಕು ಅನ್ನೋದಕ್ಕೆ ಸಮಿತಿ ಬಂತು. ಕಛೇರಿಯ ವೇದಿಕೆ ಮೇಲೆ ಯಾರು ಕೂರಬೇಕು ಅನ್ನೋದಕ್ಕೆ ಯಾವ ಸಮಿತಿಯೂ ಬರಲಿಲ್ಲ. ಬ್ರಾಹ್ಮಣರೇ ಹೆಚ್ಚಿದ್ದ ಆ ವೇದಿಕೆಗೆ ಚೌಡಯ್ಯ ಹತ್ತಿದ್ದು ಸಾಧನೆಯ ಬಲದಿಂದ, ಜೊತೆಗೆ ಕಲಿಸೋಕೆ ಒಪ್ಪಿದ ಗುರು ಸಿಕ್ಕಿದ್ದರಿಂದ.

ಏಳು ತಂತಿ ಯಾಕೆ?

ಪಿಟೀಲು ನಮ್ಮ ವಾದ್ಯ ಅಲ್ಲ. ಯುರೋಪಿನಿಂದ ಬಂದದ್ದು. 19ನೇ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು, ತಂಜಾವೂರಿನ ವಡಿವೇಲು ಮುಂತಾದವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ನಿಂತು ನುಡಿಸುತ್ತಿದ್ದುದನ್ನು ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವಂತೆ ಮಾಡಿಕೊಂಡೆವು. ಶ್ರುತಿಯನ್ನು ಷಡ್ಜ-ಪಂಚಮಕ್ಕೆ ತಿರುಗಿಸಿಕೊಂಡೆವು. ವಾದ್ಯ ಮಾತ್ರ ಹಾಗೇ ಉಳಿಯಿತು: ನಾಲ್ಕು ತಂತಿ, ಸಣ್ಣ ದನಿ.

ಸಣ್ಣ ದನಿಯೇ ಸಮಸ್ಯೆ. 1920ರ ದಶಕದ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಗಾಯಕರು ಗಂಟಲು ಎತ್ತಿ ಹಾಡಿ ಹೇಗೋ ಮುಟ್ಟಿಸುತ್ತಿದ್ದರು. ಪಕ್ಕವಾದ್ಯದ ಪಿಟೀಲು ಮುಂದೆ ಕೂತ ದೊಡ್ಡವರಿಗೆ ಕೇಳಿಸುತ್ತಿತ್ತು, ಹಿಂದೆ ನಿಂತವರಿಗೆ ಇಲ್ಲ. ಮುಂದೆ ಯಾರು, ಹಿಂದೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

1927ರಲ್ಲಿ ಚೌಡಯ್ಯ ಇದಕ್ಕೊಂದು ದಾರಿ ಹುಡುಕಿದರು. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೋಡಿ ತಂತಿ ಕಟ್ಟಿದರು, ಒಟ್ಟು ಏಳು. ಜೋಡಿಯ ಎರಡು ತಂತಿಗಳ ನಡುವೆ ಒಂದು ಸ್ಥಾಯಿಯ ಅಂತರ. ಒಂದೇ ಬಿಲ್ಲಿನ ಎಳೆತಕ್ಕೆ ಎರಡೂ ಒಟ್ಟಿಗೆ ನುಡಿಯುತ್ತಿದ್ದರಿಂದ ದನಿ ದಪ್ಪವಾಯಿತು, ದೂರ ಹೋಯಿತು. ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಏಳು ತಂತಿಯನ್ನು ಶ್ರುತಿಯಲ್ಲಿ ಇಟ್ಟುಕೊಳ್ಳಬೇಕು. ಎರಡು ತಂತಿಯನ್ನು ಒಂದೇ ಬೆರಳಲ್ಲಿ ಒತ್ತಿ ಗಮಕ ತೆಗೆಯಬೇಕು. ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಶ್ರುತಿ ಎರಡು ಪಟ್ಟು.

ಪಕ್ಕವಾದ್ಯದಿಂದ ಪ್ರಶಸ್ತಿಗಳವರೆಗೆ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಒಂದು ಶ್ರೇಣಿ ಇದೆ. ಮಧ್ಯದಲ್ಲಿ ಗಾಯಕ, ಪಕ್ಕದಲ್ಲಿ ಪಿಟೀಲು. ಹೆಸರೇ 'ಪಕ್ಕ'ವಾದ್ಯ. ಚೌಡಯ್ಯ ಆ ಪಕ್ಕದಲ್ಲೇ ಕೂತು ಜನರ ಕಿವಿಯನ್ನು ತಮ್ಮ ಕಡೆ ತಿರುಗಿಸಿದರು. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಅಂದ್ರೆ ದಕ್ಷಿಣ ಭಾರತದಲ್ಲೆಲ್ಲ ಜನ ಸೇರುತ್ತಿದ್ದರು. 1943ರ ಕನ್ನಡ ಸಿನಿಮಾ 'ವಾಣಿ'ಯಲ್ಲೂ ಅವರು ಕಾಣಿಸಿಕೊಂಡರು. ಅದರ ನಿರ್ದೇಶಕರು ನಾಟಕದ ಕೆ. ಹಿರಣ್ಣಯ್ಯ.

1939ರಲ್ಲಿ ಮೈಸೂರು ಆಸ್ಥಾನ ವಿದ್ವಾನ್ ಪದವಿ ಬಂತು. 1957ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಅದೇ ವರ್ಷ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ. ಒಬ್ಬ ಪಿಟೀಲು ವಾದಕನಿಗೆ, ಅದೂ ಮದ್ರಾಸಿನವನಲ್ಲದ ಕನ್ನಡಿಗನಿಗೆ, ಅದು ಸಣ್ಣ ಮಾತಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನೂ ಅವರೇ ಸ್ಥಾಪಿಸಿದರು. ತೀರಿಕೊಂಡದ್ದು 1967ರ ಜನವರಿ 19ರಂದು.

ಏಳು ತಂತಿ ಈಗೆಲ್ಲಿ?

ಮೈಕ್ ಬಂತು. ಕೂಗಿ ಹಾಡುವ ಅಗತ್ಯ ಹೋಯಿತು, ಜೋಡಿ ತಂತಿಯ ಅಗತ್ಯವೂ ಹೋಯಿತು. ಇವತ್ತು ವೇದಿಕೆ ಮೇಲೆ ಕಾಣೋದು ನಾಲ್ಕು ತಂತಿಯ ಪಿಟೀಲೇ. ಹಾಗಂತ ಚೌಡಯ್ಯನವರ ಪ್ರಯೋಗ ಸೋತಿತು ಅನ್ನೋಕಾಗಲ್ಲ. ಮೈಕ್ ಇಲ್ಲದ ಕಾಲಕ್ಕೆ ಅದು ಸರಿಯಾದ ಉತ್ತರವಾಗಿತ್ತು.

ವಾದ್ಯವನ್ನು ಬದಲಾಯಿಸಿಕೊಳ್ಳುವ ಆ ಧೈರ್ಯ ಮುಂದುವರಿದಿದೆ. ಪಿಟೀಲಿನ ದೊಡ್ಡ ಬಂಧು ಚೆಲ್ಲೋ ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಬಂದಿರೋದು ತಡವಾಗಿ. ಬೆಂಗಳೂರಲ್ಲಿ ಬೆಳೆದ ಸಿತಾರ್ ವಾದಕ ಶುಭೇಂದ್ರ ರಾವ್ ಅವರ ಪತ್ನಿ, ನೆದರ್ಲೆಂಡ್ಸ್ ಮೂಲದ ಸಾಸ್ಕಿಯಾ ರಾವ್, ಹಿಂದೂಸ್ತಾನಿ ರಾಗಗಳಿಗಾಗಿ ಚೆಲ್ಲೋವನ್ನೇ ಹೊಸದಾಗಿ ರೂಪಿಸಿಕೊಂಡರು. ಐದು ಮುಖ್ಯ ತಂತಿ, ಅನುರಣನಕ್ಕೆ ಹತ್ತು ತಂತಿ, ನೆಲದ ಮೇಲೆ ಕೂತು ನುಡಿಸುವಷ್ಟು ಅಳತೆ. ಶಾಸ್ತ್ರೀಯ ಅಂದ್ರೆ ಮುಟ್ಟಬಾರದ್ದು ಅಂತ ವಾದಿಸುವವರು ಈ ಎರಡು ವಾದ್ಯಗಳನ್ನು ಒಮ್ಮೆ ನೋಡಬೇಕು.

ಉಳಿದಿರುವ ಪ್ರಶ್ನೆ

1980ರಲ್ಲಿ ಕೆ.ಕೆ. ಮೂರ್ತಿಯವರ ಪ್ರಯತ್ನದಿಂದ ಚೌಡಯ್ಯ ಸ್ಮಾರಕ ಭವನ ತೆರೆಯಿತು. ಸಾವಿರಕ್ಕೂ ಹೆಚ್ಚು ಆಸನ. ರಾಜ್ಯ ಸರ್ಕಾರ ಅವರ ಹೆಸರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಕೊಡುತ್ತದೆ. ಗೌರವಕ್ಕೇನೂ ಕೊರತೆ ಇಲ್ಲ.

ಆದರೆ ಚೌಡಯ್ಯನವರ ಹೆಸರು ಹೇಳಿ "ನೋಡಿ, ಕರ್ನಾಟಕ ಸಂಗೀತದಲ್ಲಿ ಜಾತಿ ಇಲ್ಲ" ಅನ್ನುವವರಿದ್ದಾರೆ. ಒಬ್ಬ ಅಸಾಧಾರಣ ಮನುಷ್ಯ ಬಾಗಿಲು ದಾಟಿದ ಅಂದಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿತ್ತು ಅಂತ ಅರ್ಥ ಅಲ್ಲ. 2024ರಲ್ಲಿ ಟಿ.ಎಂ. ಕೃಷ್ಣ ಅವರಿಗೆ ಅದೇ ಸಂಗೀತ ಕಲಾನಿಧಿ ಘೋಷಣೆಯಾದಾಗ ಕೆಲವು ಕಲಾವಿದರು ಬಹಿರಂಗವಾಗಿ ವಿರೋಧಿಸಿದರು. ಆ ಜಗಳದ ಹಿಂದೆಯೂ ಈ ಸಂಗೀತ ಯಾರದ್ದು ಅನ್ನುವ ಪ್ರಶ್ನೆ ಇತ್ತು.

ಇನ್ನೊಂದು ಕಡೆಯಿಂದಲೂ ನೋಡಿ. ಜಡಿಗೇನಹಳ್ಳಿಯಿಂದ ಹೊಸಕೋಟೆಗೆ ಬಂದು, ಬಸ್ಸು ಬದಲಿಸಿ, ನಗರದ ಟ್ರಾಫಿಕ್ ದಾಟಿ ಸಂಜೆಯ ಕಛೇರಿಗೆ ಬರುವ ವಿದ್ಯಾರ್ಥಿ ತಿಲ್ಲಾನದ ಹೊತ್ತಿಗೆ ವಾಪಸ್ ಹೋಗೋ ಬಸ್ಸಿನ ಚಿಂತೆಯಲ್ಲಿರುತ್ತಾಳೆ. ಅವಳ ಊರಿನ ಸರ್ಕಾರಿ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಇದ್ದಾರಾ, ಹೋಬಳಿ ಮಟ್ಟದಲ್ಲಿ ಒಂದು ಒಳ್ಳೆಯ ಕಛೇರಿ ಯಾವಾಗ ಆಗಿತ್ತು ಅಂತ ನಮ್ಮ ಜನಪ್ರತಿನಿಧಿಗಳನ್ನು ನಾವು ಕೇಳಿದ್ದೀವಾ? ಚೌಡಯ್ಯನವರ ಕಾಲದಲ್ಲಿ ಕಡೇ ಸಾಲು ಸಭಾಂಗಣದ ಒಳಗೇ ಇತ್ತು, ಮೂರು ತಂತಿ ಹೆಚ್ಚಿಗೆ ಕಟ್ಟಿದರೆ ಮುಟ್ಟುತ್ತಿತ್ತು. ಈಗ ಅದು ಹೊಸಕೋಟೆ ಆಚೆಗಿದೆ.